ತೆಂಗಿನ ಮರದ ಗರುಡ ಮಹಾಶಯರಿಗೆ ಮನೆ ಮಾಲೀಕನ ಅಹವಾಲು

ನಮ್ಮ ಹಿತ್ತಲ ತೆಂಗಿನ ತುದಿಯಲ್ಲಿ ಬಾಡಿಗೆಯಿಲ್ಲದೆ ಬಿಡಾರ ಹೂಡಿರುವ ಶ್ರೀಮಾನ್ ಗರುಡ ಮಹಾಶಯರ ದಿವ್ಯ ಪಾದಗಳಿಗೆ, ಉಗುರುಗಳಿಂದ ತುಸು ದೂರ ನಿಂತು, ಹೊನ್ನಾವರದ ಕಮಲಾಕರನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ವಿಷ್ಣುವಿನ ವಾಹನ, ನಾನು ಬರೀ ಒಂದು ಮಹಡಿಯ ಮಾಲೀಕ. ಮನೆ ಕೇಳಿ ಬಂದವರ ಹೆಸರಿಗಿಂತ ಮೊದಲು ಊಟದ ಬಗೆ ವಿಚಾರಿಸುವವನೆಂದು ಊರಿಗೇ ಗೊತ್ತು. ಧಾರೇಶ್ವರದ ಮೀನುಗಾರರ ಮನೆಯ ಹುಡುಗಿ, ಸಹಕಾರಿ ಸಂಘದಲ್ಲಿ ಕೆಲಸಕ್ಕಿರುವ ನೇತ್ರಾ, ಇಲ್ಲಿ ಮೀನು ಬೇಯಿಸುವುದಿಲ್ಲವೆಂದು ಮಾತು ಕೊಟ್ಟ ಮೇಲೆಯೇ ಮಹಡಿಯ ಕೀಲಿಕೈ ಕೊಟ್ಟೆ. ಅವಳು ಮಾತು ಉಳಿಸಿಕೊಂಡಳು. ತಾವು ಮಾತ್ರ ಬಂದರಿನಿಂದ ಬಂಗಡೆ ಮೀನು ತಂದು, ಉಂಡು, ತಲೆಗಳನ್ನು ಅವಳ ಮೆಟ್ಟಿಲ ಮೇಲೆ ಉದುರಿಸುತ್ತ ಬಂದಿರಿ. ನಾನೋ, ಮರದತ್ತ ಒಮ್ಮೆಯೂ ಕಣ್ಣೆತ್ತದೆ, ಅವಳು ಎಷ್ಟು ಹೇಳಿದರೂ ಕೇಳದೆ, ಮನೆ ಖಾಲಿ ಮಾಡಲು ಹೇಳಿಬಿಟ್ಟೆ.

ಅಂದಿನಿಂದ ನನ್ನ ಹೆಂಡತಿ ನರ್ಮದೆ ಮೌನವ್ರತದಲ್ಲಿದ್ದಾಳೆ. ವ್ರತಕ್ಕೆ ಮುನ್ನ ಆಡಿದ್ದು ಇಷ್ಟೇ: "ಮಹಡಿ ಮೇಲಿದ್ದವ್ಳಿಗೆ ಅಷ್ಟೆಲ್ಲ ಕೇಳಿದ್ರಿ, ಮರದ ಮೇಲಿದ್ದವಂಗೆ ಎಂತ ಕೇಳಿದ್ರಿ?" ಮೊದಲೆಲ್ಲ ಸಂಜೆ ಅವಳೂ ನೇತ್ರಾಳೂ ಜಗುಲಿಯಲ್ಲಿ ಕೂತು ನಗುತ್ತಿದ್ದರು. ಆ ನಗು ಇಲ್ಲದ ಮನೆ ನನಗೆ ಬೇಡವಾಗಿದೆ.

ನಿನ್ನೆ ತಲೆ ಉದುರಿಸುವ ತಮ್ಮ ಕೈಂಕರ್ಯವನ್ನು ಕಣ್ಣಾರೆ ಕಂಡು ಕಲ್ಲೆತ್ತಿದೆ. ದೇವರ ವಾಹನವೆಂದು ನೆನಪಾಗಿ ತಕ್ಷಣ ಕೆನ್ನೆ ಬಡಿದುಕೊಂಡೆ. ಕಲ್ಲು ಕೈಯಲ್ಲೇ ಇದ್ದುದರಿಂದ ಕೆನ್ನೆಯ ಊತ ಇನ್ನೂ ಇಳಿದಿಲ್ಲ.

ಮಾಲೀಕನಾದವನು ಬಾಡಿಗೆದಾರಳ ಮುಂದೆ ತಪ್ಪೊಪ್ಪಿಕೊಳ್ಳುವುದು ಹೇಗೆ? ಆದ್ದರಿಂದ ನಾಳೆ ಸಾಮಾನು ಒಯ್ಯಲು ಟೆಂಪೋ ಬಂದಾಗ ತಾವೇ ಕೊಕ್ಕಿನಲ್ಲಿ ಬಂಗಡೆ ಸಮೇತ ಅಂಗಳಕ್ಕಿಳಿದು, ಛಾಪಾ ಕಾಗದದ ಮೇಲೆ ಉಗುರೊತ್ತಿ, ಅಪರಾಧವೆಲ್ಲ ತಮ್ಮದೆಂದು ನುಡಿಯಬೇಕಾಗಿ ಪ್ರಾರ್ಥನೆ. ಮುಂದೆ ತಾವು ಶುದ್ಧ ಸಸ್ಯಾಹಾರಕ್ಕೆ ಒಪ್ಪಿದರೆ ಮರದ ತುದಿಗೇ ಬಾಳೆಲೆ ಹಾಕಿಸಿ ತಂಬುಳಿ ಬಡಿಸುವ ವ್ಯವಸ್ಥೆಯೂ ಆಗುವುದು. ಏಕಾದಶಿಯಂದು ಫಲಾಹಾರ ಮಾತ್ರ.

ತಮ್ಮ ರೆಕ್ಕೆಯ ನೆರಳಿನಲ್ಲಿ ಬಾಳುವ ವಿಶ್ವಾಸಿ,
ಕಮಲಾಕರ

ವಿ.ಸೂ.: ತಾವು ಬರಲಿಲ್ಲ. ಟೆಂಪೋ ಹೊರಡುವ ಹೊತ್ತಿಗೆ ನಾನೇ ಅಂಗಳಕ್ಕಿಳಿದು "ತಪ್ಪಾತು, ಹೋಗಡ" ಎಂದು ನೇತ್ರಾಳನ್ನು ತಡೆಯಬೇಕಾಯಿತು. ಅವಳು ಮರದ ತುದಿಯನ್ನೊಮ್ಮೆ ನೋಡಿ, "ಗರುಡಂಗೊಂದು ನಂಗೊಂದು ಎಂತಕ್ಕೆ? ಊಟದಲ್ಲಿ ಅವಂದೇ ಕರಾರು ನಂಗೂ ಮಾಡಿ" ಎಂದಳು. ಮಾಡಿದೆ. ಈಗ ಮಹಡಿಯಲ್ಲಿ ಬಂಗಡೆ ಹುರಿಯುತ್ತಿದೆ, ಕೆಳಗೆ ನರ್ಮದೆ ಮಾತಾಡುತ್ತಿದ್ದಾಳೆ. ತಾವು ಮಾತ್ರ ಆ ಅಡುಗೆಮನೆಯ ಕಿಟಕಿಯ ಮೇಲೆ ಕೂತಿರುವುದು ನನ್ನ ಗಮನಕ್ಕೆ ಬಂದಿದೆ. ಬಾಡಿಗೆದಾರರ ಕಾವಲಿಯಲ್ಲಿ ಏನಿದೆಯೆಂದು ಇಣುಕಿ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ, ಸ್ವಾಮಿ.