ಪ್ಲಂಪ್ಟನ್ ಕುಟುಂಬದ ಅಧಿಕೃತ ಪ್ರಯಾಣ

ನಮ್ಮ ಕಾಲುವೆ ಕಚೇರಿಯ ಏಳನೆಯ ನಿಯಮದಂತೆ, ದೋಣಿಯಲ್ಲಿ ಸಂಸಾರ ಹೂಡಿದವರು ಒಂದೇ ಸೇತುವೆಯ ಬಳಿ ಹದಿನಾಲ್ಕು ದಿನ ಮೀರಿ ನಿಲ್ಲತಕ್ಕದ್ದಲ್ಲ, ಬಂದ ದಾರಿಯಲ್ಲಿ ಹಿಂದಿರುಗತಕ್ಕದ್ದೂ ಅಲ್ಲ. ನಿಯಮ ಮೀರಿದವರ ದೋಣಿಯನ್ನು ಕ್ರೇನಿನಿಂದ ಎತ್ತಿ ಒಯ್ಯಲಾಗುವುದು.

ನೆವಿಲ್ ಪ್ಲಂಪ್ಟನ್ ಮ್ಯಾಂಚೆಸ್ಟರಿನ ಮನೆ ಮಾರಿ, ಹೆಂಡತಿ ಹೇಜೆಲ್ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ದೋಣಿ ಹತ್ತಿದ್ದೇ ಊರೂರು ಸುತ್ತಲೆಂದು. ಅರವತ್ತೊಂದನೆಯ ಸೇತುವೆಗೆ ಬಂದ ದಿನವೇ ಕಚೇರಿಯವರು ದುರಸ್ತಿಗೆಂದು ದೋಣಿಗಳು ದಾಟುವ ಮುಂದಿನ ನೀರುಗೇಟು ಮುಚ್ಚಿದರು. ತಾರತಮ್ಯ ಬೇಡವೆಂದು ಹಿಂದಿನದನ್ನೂ ಮುಚ್ಚಿದರು.

ಹದಿನೈದನೆಯ ದಿನ ಇನ್‌ಸ್ಪೆಕ್ಟರ್ ಥ್ರೆಲ್ಫಾಲ್ ಸೈಕಲ್ಲಿನಲ್ಲಿ ಬಂದರು.

"ಇನ್ನೂ ಇಲ್ಲೇ ಇದೀರಲ್ಲ, ಪ್ಲಂಪ್ಟನ್."

"ಗೇಟು ಮುಚ್ಚಿದ್ದು ನೀವೇ ಅಲ್ವಾ ಸಾರ್?"

"ಅದು ದುರಸ್ತಿ ವಿಭಾಗ. ನಾನು ಸಂಚಾರ ವಿಭಾಗ. ನಮ್ಮಲ್ಲಿ ಮಾತುಕತೆ ಇಲ್ಲ."

ಹೇಜೆಲ್ ಟೀ ತಂದಿಟ್ಟಳು. "ಇರೋದು ಇದೊಂದೇ ಮನೆ ಸಾರ್. ಎತ್ಕೊಂಡು ಹೋದ್ರೆ ಮಕ್ಕಳನ್ನ ಎಲ್ಲಿ ಮಲಗಿಸ್ಲಿ, ನಿಮ್ಮ ಸೈಕಲ್ ಮೇಲಾ?"

ಥ್ರೆಲ್ಫಾಲ್ ಟೀಯಲ್ಲಿ ಬಿಸ್ಕತ್ತು ಅದ್ದಿ ಯೋಚಿಸಿದರು. ಕರುಣೆ ಇದ್ದ ಮನುಷ್ಯ. "ನೋಡಮ್ಮಾ, ನಾನು ಬರ್ಕೊಳ್ಳೋದು ಸೇತುವೆ ನಂಬರು. ನಂಬರು ಬದಲಾದ್ರೆ ದೋಣಿ ಮುಂದಕ್ಕೆ ಹೋದಂಗೆ."

ಚೀಲದಿಂದ ಪೇಂಟಿನ ಡಬ್ಬಿ ತೆಗೆದು ಸೇತುವೆಯ ಮೇಲೆ ಅರವತ್ತೆರಡು ಎಂದು ಬರೆದರು. ಎರಡು ವಾರಕ್ಕೆ ಅರವತ್ತಮೂರು. ಸೇತುವೆ ಪಕ್ಕದ ಪಬ್ಬಿನವನು "ನಾವೂ ಜೊತೆಗೇ ಬಂದಿದ್ದೇವೆ, ಬಿಯರು ಮಾತ್ರ ಹಳೆಯದೇ" ಎಂದು ಬೋರ್ಡು ಹಾಕಿದ. ಕಚೇರಿಯಿಂದ ಪ್ರಕಟಣೆ ಬಂತು: "ಸೇತುವೆಯು ಸಂಚರಿಸುವಾಗ ಸಾರ್ವಜನಿಕರು ಗಾಬರಿಗೊಳ್ಳತಕ್ಕದ್ದಲ್ಲ." ಚಳಿಗಾಲ ಮುಗಿಯುವ ಹೊತ್ತಿಗೆ ಎಪ್ಪತ್ತಾಗಿ, ಪ್ಲಂಪ್ಟನ್ನರಿಗೆ ವರ್ಷದ ಉತ್ತಮ ಸಂಚಾರಿ ಕುಟುಂಬವೆಂಬ ಪ್ರಮಾಣಪತ್ರವೂ ಸಿಕ್ಕಿತು.

ವಸಂತದಲ್ಲಿ ಗೇಟು ತೆರೆಯಿತು. ನೆವಿಲ್ ಇಂಜಿನ್ ಹಚ್ಚಿದ್ದೇ ತಡ, ಥ್ರೆಲ್ಫಾಲ್ ಸೈಕಲ್ ಬಿಸಾಕಿ ಓಡಿಬಂದರು.

"ಎಲ್ಲಿಗಯ್ಯಾ?"

"ಮುಂದಕ್ಕೆ ಸಾರ್. ಆ ಮುಂದಿನ ಸೇತುವೆಗೆ, ನಿಜವಾದ ಅರವತ್ತೆರಡಕ್ಕೆ."

"ಎಪ್ಪತ್ತರಿಂದ ಅರವತ್ತೆರಡಕ್ಕೆ ಹೋಗೋದು ಮುಂದಕ್ಕಾ? ಬಂದ ದಾರೀಲೇ ವಾಪಸ್ ಹೋದ್ರೆ ಕ್ರೇನು ಬರತ್ತೆ."

"ಮತ್ತೆ ಮುಂದಕ್ಕೆ ಹೋಗೋದು ಹೇಗೆ?"

"ಕದಲದೆ ಇದ್ರೆ ಸಾಕು."

ನೆವಿಲ್ ಹೆಂಡತಿಯ ಮುಖ ನೋಡಿದ. ಅವಳು ಮಲಗಿದ್ದ ಮಕ್ಕಳನ್ನು ನೋಡಿದಳು. ಇಂಜಿನ್ ಆರಿತು.

ಈಗ ನಿಯಮಬದ್ಧವಾಗಿ ಸಾಗುತ್ತಿದ್ದಾರೆ. ಇದೇ ವೇಗದಲ್ಲಿ ಹೋದರೆ ಮುಂದಿನ ಬೇಸಿಗೆಗೆ ಕಡಲು ಸಿಗುತ್ತದೆಂದು ಥ್ರೆಲ್ಫಾಲ್ ಲೆಕ್ಕ ಹಾಕಿಕೊಟ್ಟಿದ್ದಾರೆ. ಪಬ್ಬಿನವನು ಬೀಚಿಗೆಂದು ಎರಡು ಗಾಡಿ ಮರಳು ತರಿಸಿದ್ದಾನೆ.

ಮೊನ್ನೆ ದಡದಲ್ಲಿ ಬಟ್ಟೆ ಹರವುತ್ತಿದ್ದ ಹೇಜೆಲ್ ತುಟಿ ಸವರಿಕೊಂಡು ಕೇಳಿದಳು, "ಗಾಳಿ ಆಗ್ಲೇ ಸ್ವಲ್ಪ ಉಪ್ಪುಪ್ಪು ಅನ್ಸಲ್ವಾ?"

ಪಬ್ಬಿನ ಬಾಗಿಲಲ್ಲಿ ನಿಂತಿದ್ದ ಊರವರೆಲ್ಲ ಹೌದು ಎಂದೆವು. ಎಲ್ಲರಿಗೂ ಹಾಗೇ ಅನ್ನಿಸಿತ್ತು.