ಐದು ದಿಕ್ಕಿನ ನೀರಿನ ಸದ್ದು

ನನ್ನ ಕಣ್ಣು, ಕಿವಿಗಳ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಹತ್ತೊಂಬತ್ತು ವರ್ಷದಿಂದ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೇನೆ. ಪುಟದ ಮೂಲೆಯಲ್ಲಿ ಒಂದು ಒತ್ತಕ್ಷರ ತಲೆಮರೆಸಿಕೊಂಡು ಕೂತಿದ್ದರೂ ಕತ್ತು ಹಿಡಿದು ಎಳೆದು ತಂದವನು ನಾನು.

ಇಂಥ ನನ್ನನ್ನು ಸಂಪಾದಕರು ಕರೆದು ಕೈಗೊಂದು ಡಿಸ್ಕ್ ಕೊಟ್ಟರು.

"ಹಳೇ ಗಂಭೀರ ಚಿತ್ರ ಕಣಯ್ಯ. ಮನೆಯಲ್ಲಿ ನೋಡೋರಿಗೆ ಅಂತ ಈಗ ಹೊಸದಾಗಿ ತಂದಿದ್ದಾರೆ. ಚಿತ್ರ ಎಷ್ಟು ಸ್ವಚ್ಛವಾಗಿದೆ, ಧ್ವನಿ ಹೇಗಿದೆ, ತಗೊಳ್ಳಬಹುದಾ, ನೋಡಿ ಬರಿ. ಭಾನುವಾರ ಸಂಜೆ ಐದಕ್ಕೆ ಪುಟ ಅಚ್ಚಿಗೆ ಹೋಗತ್ತೆ."

ಕರಡು ತಿದ್ದುವವನಿಗೆ ಕೊಂಬು ಹೊಸದಲ್ಲ. ದಿನಕ್ಕೆ ನೂರು ಕೊಂಬು ಸರಿಮಾಡುತ್ತೇನೆ. ಆದರೆ ಅಂದು ನನಗೇ ಮೂಡಿದ ಕೊಂಬು ಆಫೀಸಿನ ಬಾಗಿಲಿಗೆ ತಗಲುವಷ್ಟು ಎತ್ತರವಿತ್ತು.

ಭಾನುವಾರ ಮಧ್ಯಾಹ್ನಕ್ಕೆ ಮನೆಯ ಹಾಲ್ ಚಿತ್ರಮಂದಿರವಾಯಿತು. ಕಿಟಕಿಗಳಿಗೆ ಕಂಬಳಿ ಕಟ್ಟಿದೆ. ಗೆಳೆಯನಿಂದ ಎರವಲು ತಂದ ಐದು ಸ್ಪೀಕರುಗಳನ್ನು ಐದು ಕಡೆ ಸ್ಟೂಲು, ಕುರ್ಚಿಗಳ ಮೇಲೆ ಪ್ರತಿಷ್ಠಾಪಿಸಿದೆ. ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೊರಟು ನಿಂತಿದ್ದಳು.

"ರೀ, ಬಟ್ಟೆ ಮೆಷಿನ್ನಿಗೆ ಹಾಕಿದ್ದೀನಿ. ಶುರು ಮಾಡೋ ಮುಂಚೆ ನೀರು ಹೋಗೋ ಪೈಪು ಬಚ್ಚಲಿನ ತೂತಿನಲ್ಲಿ ಇದೆಯಾ ನೋಡ್ಕೊಳ್ಳಿ."

"ಆಗಲಿ."

"ಆಗಲಿ ಅಂದ್ರೆ? ಕೇಳಿಸ್ತಾ?"

"ಸೂಜಿ ಬಿದ್ದರೆ ಯಾವ ನಂಬರಿನ ಸೂಜಿ ಅಂತ ಹೇಳೋ ಕಿವಿ ಕಣೇ ಇದು."

"ಸೂಜಿ ಬಿಡಿ. ಪೈಪು."

ಅವಳು ಹೋದಳು. ನಾನು ಮೆಷಿನ್ನಿನ ಗುಂಡಿ ಒತ್ತಿ ಬಂದು ಕೂತೆ. ಗುಂಡಿ ಒತ್ತಿದ್ದು ಚೆನ್ನಾಗಿ ನೆನಪಿದೆ. ಪೈಪಿನ ಕಡೆ ನೋಡಿದ್ದು ನೆನಪಿಲ್ಲ, ಏಕೆಂದರೆ ನೋಡಲಿಲ್ಲ.

ನನ್ನ ಜೊತೆ ಇದ್ದವರು ನಮ್ಮ ಅತ್ತೆ, ಹೆಂಡತಿಯ ತಾಯಿ. ಒಂದು ತಿಂಗಳಿದ್ದು ಹೋಗಲು ಬಂದವರು. ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತಿದ್ದರು.

"ಏನು ಕಥೆ ಅಳಿಯಂದ್ರೆ?"

"ಗಡಿಯಾರ ರಿಪೇರಿ ಮಾಡೋ ಒಬ್ಬ ಅಪ್ಪ. ಅವನ ಜೊತೆ ಮಾತು ಬಿಟ್ಟು ಕೋಣೆ ಸೇರಿರೋ ಮಗಳು. ಆದ್ರೆ ಅತ್ತೆ, ಕಥೆ ಸಾಮಾನ್ಯರಿಗೆ. ನಾವು ನೋಡಬೇಕಾದ್ದು ಕಪ್ಪು ಬಣ್ಣ ಎಷ್ಟು ಕಪ್ಪಾಗಿದೆ ಅನ್ನೋದನ್ನ."

ಅತ್ತೆ ಕನ್ನಡಕ ಒರೆಸಿಕೊಂಡರು. ಇಂಥ ಸೂಕ್ಷ್ಮ ಎಲ್ಲರಿಗೂ ಎಟುಕುವುದಿಲ್ಲ ಎಂದುಕೊಂಡೆ.

ಐದೈದು ನಿಮಿಷಕ್ಕೆ ಚಿತ್ರ ನಿಲ್ಲಿಸಿ, ಪರದೆಗೆ ಮೂಗು ತಾಗಿಸಿ, ಮೊಬೈಲಿನಲ್ಲಿ ಬರೆದುಕೊಂಡೆ. 'ಅಪ್ಪನ ಗಡ್ಡದ ಕೂದಲು ಒಂದೊಂದನ್ನೂ ಎಣಿಸಬಹುದು.' ಎಣಿಸತೊಡಗಿದೆ ಕೂಡ. ಅತ್ತೆ ಕೆಮ್ಮಿದ್ದರಿಂದ ಮುಂದೆ ಹೋದೆ.

ನಾಲ್ಕು ಗಂಟೆಯ ಹೊತ್ತಿಗೆ ಒಂದು ಅಪೂರ್ವ ದೃಶ್ಯ ಬಂತು. ಮಗಳು ಕಿಟಕಿಯ ಬಳಿ ಸುಮ್ಮನೆ ನಿಂತಿದ್ದಾಳೆ. ಹೊರಗೆ ರಣಬಿಸಿಲು. ಆದರೆ ಹಿಂದಿನಿಂದ, ಬಲಕ್ಕೆ ತುಸು ದೂರದಿಂದ, ನೀರು ಹರಿಯುವ ಸದ್ದು. ನನ್ನ ಮೈ ಜುಮ್ಮೆಂದಿತು.

"ಅಳಿಯಂದ್ರೆ, ಎಲ್ಲೋ ನೀರು ಹರೀತಿದೆ."

"ಅದೇ ಅತ್ತೆ ನಿರ್ದೇಶನ ಅನ್ನೋದು. ಬಿಸಿಲಿನಲ್ಲೂ ಒಳಗೊಳಗೇ ಹರಿಯೋ ದುಃಖ."

"ದುಃಖ ಅಲ್ಲ, ನೀರು."

"ಸಂಕೇತ ಅತ್ತೆ."

ಅಷ್ಟರಲ್ಲಿ ನನ್ನ ಪಾದಗಳು ತಣ್ಣಗಾದವು. 'ಈ ಧ್ವನಿ ಪ್ರೇಕ್ಷಕನ ಅಂಗಾಲಿನವರೆಗೂ ಇಳಿಯುತ್ತದೆ' ಎಂದು ಬರೆದೆ. ಅನಂತರ ಪರದೆಯ ಮೇಲೆ ಅಪ್ಪ ಮಗಳ ಬಾಗಿಲು ಬಡಿದ. ಮೊದಲು ಮೆಲ್ಲಗೆ ಬಡಿದ. ಆಮೇಲೆ ಎಡಗಡೆಯಿಂದ ಧಡ ಧಡ ಎಂಬ ಸದ್ದು. ಪರದೆಯ ಮೇಲೆ ಅಪ್ಪನ ಕೈ ಕೆಳಗಿಳಿದರೂ ಸದ್ದು ನಿಲ್ಲಲಿಲ್ಲ. ಎಂಥ ಧೈರ್ಯದ ಪ್ರಯೋಗ ಎಂದು ಬೆರಗಾಗಿ ಅದನ್ನೂ ಬರೆದೆ. ಗಂಟೆ ಐದಾಗುತ್ತ ಬಂದಿತ್ತು. ಚಿತ್ರ ಇನ್ನೂ ಅರ್ಧ ತಾಸು ಬಾಕಿ. ಗುಣಮಟ್ಟ ಅರ್ಥವಾದ ಮೇಲೆ ಕೊನೆ ಯಾಕೆ ಬೇಕು? ಬರಹವನ್ನು ಸಂಪಾದಕರಿಗೆ ಕಳಿಸಿಬಿಟ್ಟೆ.

ಕಳಿಸಿ ಎದ್ದು ನಿಂತೆ. ಪಚಕ್ ಎಂದಿತು.

ದೀಪ ಹಾಕಿದರೆ, ಹಾಲ್ ತುಂಬ ನೀರು. ನನ್ನ ಒಂದು ಚಪ್ಪಲಿ ಅಡುಗೆಮನೆಯ ಕಡೆ ಪ್ರಯಾಣ ಹೊರಟಿತ್ತು. ಬಾಗಿಲು ಇನ್ನೂ ಧಡ ಧಡ ಬಡಿದುಕೊಳ್ಳುತ್ತಿತ್ತು. ತೆಗೆದೆ. ಕೆಳಮನೆಯ ವಕೀಲರು ಒದ್ದೆಯಾದ ಫೈಲೊಂದನ್ನು ಎದೆಗೊತ್ತಿಕೊಂಡು ನಿಂತಿದ್ದರು.

"ಏನ್ರೀ, ನಿಮ್ಮ ಮನೆ ನೀರು ಆಗಲೇ ನಮ್ಮ ಮನೆಗೆ ಬಂದು ಕೂತಿದೆ. ನೀವೊಬ್ರು ಬರೋದು ಬಾಕಿ."

ಅವರೇ ಮೇನ್ ಸ್ವಿಚ್ ಆರಿಸಿದರು. ಮಗಳು, ಅಪ್ಪ, ಬಾಗಿಲು ಎಲ್ಲ ಮಾಯವಾದವು. ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಎರಡೂ ಮನೆಯ ನೀರು ಬಳಿಯತೊಡಗಿದೆ. ಆರೂವರೆಗೆ ಹೆಂಡತಿ ಬಂದಾಗ ನಾನು ಕೆಳಮನೆಯಲ್ಲಿ ಮಂಡಿಯೂರಿ ವಕೀಲರ ಮಂಚದಡಿ ಇದ್ದೆ.

"ಪೈಪು ನೋಡಿದ್ರಾ?"

"ನೋಡಿದೆ."

"ಯಾವಾಗ?"

"ಈಗ."

ಅಲ್ಲಿಂದಲೇ ಸಂಪಾದಕರಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ಏನಯ್ಯಾ ಬರೆದಿದ್ದೀಯ! ಆ ನೀರಿನ ಸದ್ದಿನ ಭಾಗ ಇದೆಯಲ್ಲ, ನಮ್ಮ ಪತ್ರಿಕೆಯಲ್ಲಿ ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಪುಟ ಅಚ್ಚಿಗೆ ಹೋಯ್ತು." ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಮಂಚದಡಿಯಲ್ಲೇ ಎದೆ ಉಬ್ಬಿತು, ತಲೆ ಹಲಗೆಗೆ ಬಡಿಯಿತು. ನಿಜ ಹೇಳಲು ನಾಲಿಗೆ ಏಳಲಿಲ್ಲ.

ಪತ್ರಿಕೆ ಬಂತು. ಅದನ್ನು ಬೇಕೆಂದೇ ಊಟದ ಮೇಜಿನ ಮೇಲೆ ಬಿಡಿಸಿಟ್ಟೆ. ಮುಂದಿನ ಭಾನುವಾರ ಬೆಳಿಗ್ಗೆ ಫೋನು ಬಂತು. ಹೆಂಗಸಿನ ಧ್ವನಿ, ವಯಸ್ಸಾದದ್ದು. ಆ ಚಿತ್ರದ ನಿರ್ದೇಶಕಿ! ಸಂಪಾದಕರಿಂದ ನನ್ನ ನಂಬರು ತೆಗೆದುಕೊಂಡಿದ್ದರು. ಮನೆಯವರೂ ಕೇಳಲಿ, ನನ್ನ ಬೆಲೆ ತಿಳಿಯಲಿ ಎಂದು ಫೋನಿನ ಸ್ಪೀಕರು ಹಾಕಿದೆ.

"ಮಗಳು ಕಿಟಕಿ ಹತ್ತಿರ ನಿಂತಾಗ ನೀರಿನ ಸದ್ದು ಕೇಳಿಸಿತು ಅಂತ ಬರೆದಿದ್ದೀರಿ."

"ಹೌದು ಮೇಡಂ. ಅದ್ಭುತ."

"ಅಲ್ಲಿ ಆ ಸದ್ದೇ ಇಲ್ಲ. ಮೂವತ್ತು ವರ್ಷದ ಹಿಂದೆ ಅಲ್ಲಿ ನೀರಿನ ಸದ್ದು ಬೇಕು ಅಂತ ಹಟ ಹಿಡಿದಿದ್ದೆ. ನಿರ್ಮಾಪಕರು ಬೇಡವೇ ಬೇಡ ಅಂದ್ರು. ಆಮೇಲೆ ನಾನು ಬೇರೆ ಯಾರ ಹತ್ರಾನೂ ಹೇಳಿರಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ನಿಮ್ಮ ಕಿವಿಗೆ ಹೇಗೆ ಕೇಳಿಸಿತು?"

ಹೆಂಡತಿ ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ನನ್ನ ಜನ್ಮದಲ್ಲಿ ಸಿಗಲಾರದು. ಆದರೂ ಆಗಲಿಲ್ಲ.

"ಮೇಡಂ, ಅದು ನಮ್ಮ ಬಟ್ಟೆ ಒಗೆಯೋ ಮೆಷಿನ್ನು."

ಪೂರ್ತಿ ಹೇಳಿದೆ. ಪೈಪು, ವಕೀಲರು, ಮಂಚ, ಯಾವುದನ್ನೂ ಬಿಡಲಿಲ್ಲ. ಅತ್ತ ಕಡೆ ನಗು. ಎಂಥ ನಗು ಎಂದರೆ ಕೆಮ್ಮು ಬಂದು ನೀರು ಕುಡಿದು ಬಂದರು.

"ಹಾಗಾದ್ರೆ ನಾನು ಹಟ ಹಿಡಿದದ್ದು ಸರಿ. ಅಲ್ಲಿ ನೀರಿನ ಸದ್ದು ಹೊಂದತ್ತೆ. ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು."

ನನಗೆ ಮತ್ತೆ ಹೆಮ್ಮೆ ಉಕ್ಕಿತು. ಒಬ್ಬ ಕಲಾವಿದೆಯ ಮೂವತ್ತು ವರ್ಷದ ಕೊರಗನ್ನು ನೀಗಿಸುವ ಭಾಗ್ಯ ಎಷ್ಟು ಮಂದಿಗೆ, ಅದೂ ಒಂದು ಪೈಪನ್ನು ಮರೆತದ್ದಕ್ಕೆ, ಸಿಕ್ಕೀತು?

"ಇರಲಿ, ಒಂದು ಕೇಳ್ತೀನಿ," ಎಂದರು ಆಕೆ. "ಕೊನೆಗೆ ಮಗಳು ಬಾಗಿಲು ತೆಗೀತಾಳಲ್ಲ, ಅದು ನಿಮಗೆ ಹೇಗನ್ನಿಸಿತು?"

"ತೆಗೀತಾಳಾ?" ಎಂದೆ.

ಬಾಯಿಂದ ಜಾರಿಹೋಯಿತು. ಮೆಲ್ಲಗೆ ಅತ್ತೆ ಎದ್ದು ಬಂದು ಕೈ ಚಾಚಿದರು.

"ಫೋನು ಇತ್ತ ಕೊಡಿ ಅಳಿಯಂದ್ರೆ. ನೀವು ಆಫೀಸಿಗೆ ಹೋದಾಗ ನಾನು ಮೂರು ಸಲ ನೋಡ್ದೆ." ಆಮೇಲೆ ಫೋನಿಗೆ: "ತೆಗೀತಾಳಮ್ಮ, ಆದ್ರೆ ಅಪ್ಪ ಮೆಟ್ಟಿಲು ಇಳಿದು ಹೋದ್ಮೇಲೆ. ನೀವು ಅವಳಿಗೆ ಸ್ವಲ್ಪ ಅನ್ಯಾಯ ಮಾಡಿದ್ರಿ ಅನ್ನಿಸ್ತು ನಂಗೆ. ಕೂತ್ಕೊಂಡಿದ್ದೀರಾ? ಹೇಳ್ತೀನಿ."

ಐವತ್ತು ನಿಮಿಷ ಮಾತಾಡಿದರು. ನಿರ್ದೇಶಕಿ ಮಧ್ಯೆ ಒಮ್ಮೆ ಅತ್ತರು, ಎರಡು ಸಲ ಜಗಳವಾಡಿದರು. ನಮ್ಮತ್ತೆ ಇಷ್ಟು ಬಲ್ಲವರು ಎಂದು ನನಗೂ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ.

ಮರುದಿನ ಸೋಮವಾರ, ನಿರ್ದೇಶಕಿಯಿಂದ ಎಲ್ಲ ಕೇಳಿ ತಿಳಿದಿದ್ದ ಸಂಪಾದಕರು ಮತ್ತೊಂದು ಡಿಸ್ಕ್ ಕೊಟ್ಟರು. ಲಕೋಟೆಯ ಮೇಲೆ 'ಅತ್ತೆಯವರಿಗೆ' ಎಂದು ಬರೆದಿತ್ತು. ನಾನು ಕೈಯಲ್ಲಿ ಹಿಡಿದು ನಿಂತೇ ಇದ್ದೆ.

"ಯಾಕಯ್ಯಾ ನಿಂತಿದ್ದೀಯ? ನಿನಗೂ ಕೆಲಸ ಇದೆ," ಎಂದರು. "ಅವರು ಬರೆದು ಕೊಟ್ಟಮೇಲೆ ಕಾಗುಣಿತ ನೋಡು. ಕಾಗುಣಿತ ಮಾತ್ರ."