ಪರೀಕ್ಷಕರ ಎಡತೋಳಿನ ಮರುಮೌಲ್ಯಮಾಪನ

ಇಂದ:
ಹೊರರೋಗಿ ವಿಭಾಗದ ವೈದ್ಯಕೀಯ ಸಹಾಯಕಿ,
ಪರೀಕ್ಷಾ ಸಂಖ್ಯೆ ಹನ್ನೊಂದು (ನಪಾಸು).

ಗೆ:
ಕಾರ್ಯದರ್ಶಿಗಳು,
ವೈದ್ಯಕೀಯ ಸಹಾಯಕರ ತರಬೇತಿ ಮಂಡಳಿ,
ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ.

ವಿಷಯ: ಪರೀಕ್ಷಕರ ಎಡತೋಳನ್ನು ಮರುಮೌಲ್ಯಮಾಪನಕ್ಕೆ ಒಳಪಡಿಸುವ ಬಗ್ಗೆ.

ಉಲ್ಲೇಖ: ೧. “ಬಿಪಿ ಅಳತೆ ತಪ್ಪು” ಎಂಬ ಷರಾದೊಂದಿಗೆ ಬಂದ ತಮ್ಮ ಪತ್ರ.
೨. ಅದನ್ನು ಓದಿ ನಮ್ಮ ಅತ್ತೆಯವರು ಆಡಿದ ಮಾತುಗಳು (ಬರೆಯುವಂತಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಒಂಬತ್ತು ವರ್ಷಗಳಿಂದ ನಾನು ಸಹಾಯಕಿಯಾಗಿದ್ದೇನೆ. ಡಾಕ್ಟರು ಹೇಳಿದ್ದನ್ನು ರೋಗಿಗೆ ತಿಳಿಯುವಂತೆ, ರೋಗಿ ಹೇಳಿದ್ದನ್ನು ಡಾಕ್ಟರಿಗೆ ತಿಳಿಯುವಂತೆ ಹೇಳುವುದು ನನ್ನ ಮುಖ್ಯ ಕೆಲಸ. ಸಹಾಯಕಿಗೆ ಕುರ್ಚಿಯಿಲ್ಲ, ಹಿರಿಯ ಸಹಾಯಕಿಗೆ ಇದೆ. ಕಾರಣ, ಬಡ್ತಿಯ ಪರೀಕ್ಷೆಗೆ ಕೂತೆ. ಮೊದಲ ಸಲ ಕೈ ನಡುಗಿತು. ಎರಡನೆಯ ಸಲ ಕೈ ನಡುಗದಂತೆ ನೋಡಿಕೊಳ್ಳುವ ಭರದಲ್ಲಿ ಬಿಪಿ ಪಟ್ಟಿ ಕಟ್ಟುವುದನ್ನೇ ಮರೆತೆ. ನಿಯಮದಂತೆ ಮೂರನೆಯದೇ ಕೊನೆಯದು, ಅದೂ ಹೋಯಿತು.

೧. ಈ ಸಲ ತಯಾರಿಯಲ್ಲಿ ಕೊರತೆಯಿರಲಿಲ್ಲ. ಮನೆಯಲ್ಲಿ ನಾನು ಪಟ್ಟಿ ಹಿಡಿದು ಬಂದರೆ ಯಜಮಾನರು ತುಂಬುತೋಳಿನ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಅತ್ತೆಯವರು ಮಾತ್ರ, “ಬಾರೇ, ನನ್ನ ತೋಳು ಸವೆಯಲ್ಲ” ಎಂದು ನಲವತ್ತು ದಿನ ಕೂತರು. ಅವರು ತಮ್ಮ ನಾದಿನಿಯನ್ನು ನೆನೆಸಿಕೊಂಡರೆ ಬಿಪಿ ಇಪ್ಪತ್ತು ಏರುತ್ತದೆ ಎಂಬುದನ್ನೂ ನಾನು ಕಂಡುಹಿಡಿದಿದ್ದೇನೆ.

೨. ಪರೀಕ್ಷೆಗೆಂದು ಗೊತ್ತುಮಾಡಿದ್ದ ರೋಗಿಯು ಯಾರನ್ನೂ ಕೇಳದೆ ಗುಣವಾಗಿ ಮನೆಗೆ ಹೋಗಿದ್ದ ಕಾರಣ, ಪರೀಕ್ಷಕ ವೈದ್ಯರೇ ಅಂಗಿಯ ತೋಳು ಮಡಚಿ ಕೂತರು. ನನ್ನ ಸರದಿ ಕೊನೆಯದು. ಪಟ್ಟಿ ಕಟ್ಟಿದೆ, ಗಾಳಿ ತುಂಬಿದೆ, ಕಿವಿಗೊಟ್ಟು ಕೇಳಿದೆ.

“ಎಷ್ಟಮ್ಮ?”

“ನೂರಾ ಎಪ್ಪತ್ತೆಂಟು, ನೂರಾ ಆರು, ಸರ್.”

“ಸರಿಯಾಗಿ ನೋಡು.”

ನೋಡಿದೆ. ನೂರಾ ಎಂಬತ್ತೆರಡು. “ಸರ್, ನೋಡಿದಷ್ಟೂ ಜಾಸ್ತಿ ಆಗ್ತಿದೆ.”

“ಮೂವತ್ತು ವರ್ಷದಿಂದ ಕಂಡೋರ ಬಿಪಿ ನೋಡ್ತಿದ್ದೀನಿ. ನನಗೆಲ್ಲಿಂದ ಬರುತ್ತೆ ಬಿಪಿ?”

“ನಿಮ್ಮದು ಯಾವಾಗ ನೋಡಿಸಿದ್ದು, ಸರ್?”

“ಪರೀಕ್ಷೆ ನಿನಗೋ ನನಗೋ?” ಎಂದು ಅವರು ಪಟ್ಟಿಯನ್ನು ತಾವೇ ಬಿಚ್ಚಿಕೊಂಡರು.

೩. ಹೊರಗೆ ಪರೀಕ್ಷಾ ಸಂಖ್ಯೆ ಹತ್ತರವಳು ನನ್ನನ್ನು ಪಕ್ಕಕ್ಕೆ ಕರೆದು, “ನಾವೆಲ್ಲ ನೂರಿಪ್ಪತ್ತು, ಎಂಬತ್ತು ಅಂತ ಹೇಳಿದ್ವಿ ಕಣೇ. ಪುಸ್ತಕದಲ್ಲಿ ಇರೋದೇ ಅದು. ಸಾಹೇಬರಿಗೂ ಸಮಾಧಾನ, ನಮಗೂ ಸಮಾಧಾನ. ನಿನಗೊಬ್ಬಳಿಗೆ ಯಾಕೆ ಬೇಕಿತ್ತು?” ಎಂದಳು. ಹತ್ತು ಜನರೂ ಪಾಸಾಗಿದ್ದಾರೆ. ಎಲ್ಲರಿಗೂ ಕುರ್ಚಿ ಬಂದಿದೆ.

೪. ಹಾಗೆ ಹೇಳಲು ನನಗೂ ಬರುತ್ತಿತ್ತು. ಆದರೆ ಸಾಹೇಬರು ಆಗಾಗ ಹಣೆ ಒತ್ತಿಕೊಳ್ಳುತ್ತಿದ್ದರು, ಕಣ್ಣು ಕೆಂಪಗಿತ್ತು. ಮಾನ್ಯರೇ, ನನಗೆ ನಪಾಸಿನ ಭಯಕ್ಕಿಂತ ಅವರಿಗೇನಾದರೂ ಆದೀತೆಂಬ ಭಯ ಹೆಚ್ಚಾಯಿತು.

೫. ಮರುಮೌಲ್ಯಮಾಪನಕ್ಕೆ ಉತ್ತರ ಪತ್ರಿಕೆ ಬೇಕೆಂದು ತಮ್ಮ ಕಚೇರಿಯ ಗುಮಾಸ್ತರು ತಿಳಿಸಿದರು. ಸದರಿ ಉತ್ತರವು ಪರೀಕ್ಷಕರ ಎಡತೋಳಿನಲ್ಲಿದ್ದು, ಅವರು ಅದನ್ನು ದಿನವೂ ಮನೆಗೆ ಕೊಂಡೊಯ್ಯುತ್ತಿರುವುದರಿಂದ ನಕಲು ಲಗತ್ತಿಸಲು ಸಾಧ್ಯವಾಗಿಲ್ಲ.

ಆದ್ದರಿಂದ, ಸಾಹೇಬರ ತೋಳನ್ನು ಬೇರೊಬ್ಬ ವೈದ್ಯರಿಂದ ಅಳೆಸಬೇಕಾಗಿ ಕೋರಿಕೆ. ಬಿಪಿ ಹೆಚ್ಚಿದ್ದರೆ ಅವರಿಗೆ ಮೊದಲು ಮಾತ್ರೆ ಕೊಡುವುದು, ನನ್ನ ಕುರ್ಚಿಯ ವಿಚಾರ ಆಮೇಲೆ ನೋಡುವುದು. ಅಳತೆ ನೂರಿಪ್ಪತ್ತು, ಎಂಬತ್ತೇ ಬಂದರೆ ನಾನು ನಪಾಸಾಗಿರುವುದು ನನಗೆ ಸಂತೋಷವೇ ಎಂದು ದಾಖಲಿಸಿಕೊಳ್ಳುವುದು.

ಇನ್ನೂ ತಮ್ಮ ಮೇಲೆ ವಿಶ್ವಾಸ ಉಳಿಸಿಕೊಂಡು ನಿಂತೇ ಇರುವ,
ಸಹಾಯಕಿ

ಲಗತ್ತುಗಳು:
೧. ನಪಾಸು ಪತ್ರದ ನಕಲು.
೨. ಅತ್ತೆಯವರ ನಲವತ್ತು ದಿನಗಳ ಬಿಪಿ ಪುಸ್ತಕ (ಅವರ ನಾದಿನಿಯ ಕೈಗೆ ಸಿಗಬಾರದು).

ವಿಶೇಷ ಸೂಚನೆ: ಅಳೆಯುವ ಮುನ್ನ ಸಾಹೇಬರನ್ನು ಐದು ನಿಮಿಷ ಸುಮ್ಮನೆ ಕೂರಿಸತಕ್ಕದ್ದು. ಈ ಅರ್ಜಿಯನ್ನು ಅವರಿಗೆ ಅಳೆದಾದ ಮೇಲೆ ತೋರಿಸತಕ್ಕದ್ದು.